ಮುಳುಗಲು ಬಿಡುವ ಅಂಗಿ

ನಾನು ಈಜು ಕಲಿತದ್ದು ಹಳಿಯಾಳ ಸೀಮೆಯ ಒಂದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಬುರುಡೆ ಆರಿಸುವುದು ಅಜ್ಜನ ಕೆಲಸ. ಬಳ್ಳಿಯಲ್ಲೇ ಬಲಿತದ್ದಾಗಬೇಕು, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಬೆರಳಿನಿಂದ ತಟ್ಟಿ ಸದ್ದು ಕೇಳಿ, ಕೊನೆಗೆ ದನದ ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿಯುತ್ತಿದ್ದ. ಗುಳ್ಳೆ ಎದ್ದರೆ ಆ ಬುರುಡೆ ಬೇಲಿಯಾಚೆ.

ಅಣ್ಣನ ಮಗ ಗಣೇಶಗುಡಿಯಲ್ಲಿ ರಾಫ್ಟ್ ನಡೆಸುತ್ತಾನೆ. ಸೂಪಾ ಅಣೆಕಟ್ಟಿನ ನೀರು ವಿದ್ಯುತ್ ಯಂತ್ರ ತಿರುಗಿಸಿ ಹೊರಬಿದ್ದರೆ ಅವನಿಗೆ ಕೆಲಸ. ರಜೆ ಸಿಕ್ಕರೆ ಮುರ್ಡೇಶ್ವರಕ್ಕೆ ಓಡಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್. ಮೊನ್ನೆ ತನ್ನ ಮೊದಲ ಬಿಸಿಡಿ, ಅಂದರೆ ಸಿಲಿಂಡರ್ ಬಿಗಿದುಕೊಳ್ಳುವ ಗಾಳಿ ಅಂಗಿಯನ್ನು, ಯಾರಿಂದಲೋ ಅರ್ಧ ಬೆಲೆಗೆ ತಂದಿದ್ದ.

“ಕಾಕಾ, ರಾಫ್ಟಿನ ಜಾಕೆಟ್‌ಗಿಂತ ಇದು ಜಾಸ್ತಿ ತೇಲಸ್ತೈತಿ ನೋಡ್ರಿ,” ಅಂದ.

ತೇಲಿಸುವುದೇನು ದೊಡ್ಡದು? ಅಸ್ಸೀರಿಯಾದ ಸೈನಿಕರು ಆಡಿನ ಚರ್ಮಕ್ಕೆ ಗಾಳಿ ಊದಿಕೊಂಡು ಹೊಳೆ ದಾಟುವುದನ್ನು ಕ್ರಿಸ್ತಪೂರ್ವ 9ನೇ ಶತಮಾನದಲ್ಲೇ ಕಲ್ಲಿನಲ್ಲಿ ಕೆತ್ತಿದ್ದಾರೆ. 1861ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ವ್ಹಿಟ್ಬಿಯಲ್ಲಿ ಬಿರುಗಾಳಿಗೆ ರಕ್ಷಣಾ ದೋಣಿ ಮಗುಚಿ 13 ಜನರಲ್ಲಿ 12 ಜನ ಸತ್ತರು. ಉಳಿದವನು ಹೆನ್ರಿ ಫ್ರೀಮನ್, ಹೊಸ ಮಾದರಿಯ ಬಿರಡೆ ಮರದ ಅಂಗಿ ತೊಟ್ಟಿದ್ದವನು ಅವನೊಬ್ಬನೇ. ಬುರುಡೆ, ಚರ್ಮ, ಬಿರಡೆ, ಕಾಳಿ ಹೊಳೆಯ ರಾಫ್ಟಿನ ಕಿತ್ತಳೆ ಜಾಕೆಟ್, ಎಲ್ಲಕ್ಕೂ ಗೊತ್ತಿರುವುದು ಒಂದೇ ದಿಕ್ಕು: ಮೇಲಕ್ಕೆ.

ಡೈವಿಂಗ್‌ನವನಿಗೆ ಅದು ಸಾಲದು. 10 ಮೀಟರ್ ಇಳಿದರೆ ಒತ್ತಡ ಇಮ್ಮಡಿ, ಅಂಗಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಆಗ ತುಸು ತುಂಬಬೇಕು. ಮೇಲೇರುವಾಗ ಅದೇ ಗಾಳಿ ಹಿಗ್ಗುವುದರಿಂದ ಬಿಡುತ್ತಲೇ ಬರಬೇಕು, ಇಲ್ಲದಿದ್ದರೆ ಬೆಂಡಿನ ಹಾಗೆ ಚಿಮ್ಮಿಬಿಡುತ್ತಾನೆ. 1960ರ ದಶಕದಲ್ಲಿ ಫ್ರಾನ್ಸಿನ ಫೆಂಜಿ ಮಾಡಿದ್ದು ಕೊರಳಿಗೆ ಹಾಕುವ ಗಾಳಿಚೀಲ. ಬೆನ್ನು ಭುಜ ಬಳಸುವ ಈಗಿನ ತೋಳಿಲ್ಲದ ಅಂಗಿ ಬಂದದ್ದು 1970ರ ದಶಕದಲ್ಲಿ.

ಅದಕ್ಕೇ ಅವನಿಗೆ ಹೇಳಿದೆ: ಎಷ್ಟು ಎತ್ತುತ್ತದೆ ಅನ್ನುವುದು ಆಮೇಲೆ, ಗಾಳಿ ಬಿಡುವ ವಾಲ್ವ್ ಮೊದಲು ನೋಡು. ತೊಟ್ಟುಕೊಂಡು ಪೂರ್ತಿ ಊದು. ಎದೆ ಬಿಗಿದು ಉಸಿರು ಕಟ್ಟಿದರೆ ಅಳತೆ ಚಿಕ್ಕದು. ಕಿವಿಯವರೆಗೆ ಜಾರಿ ಬಂದರೆ ದೊಡ್ಡದು. ಬಣ್ಣ ನೋಡಿ ತಂದಿದ್ದ ಅನ್ನಿಸುತ್ತದೆ, ಹುಡುಗ ಮಾತಾಡಲಿಲ್ಲ.

ಬಾಯಿಂದ ಊದಿ, ರಾತ್ರಿ ಪಡಸಾಲೆಯ ಗೂಟಕ್ಕೆ ತೂಗುಹಾಕಿದೆವು. ಬೆಳಿಗ್ಗೆ ಎಡಭುಜ ಸೊರಗಿತ್ತು. ಹೊತ್ತೊಯ್ದು ದನದ ತೊಟ್ಟಿಯಲ್ಲಿ ಅದುಮಿದೆ. ವಾಲ್ವಿನ ಅಂಚಿನಿಂದ ಸಾಸಿವೆಯಷ್ಟು ಗುಳ್ಳೆ, ಒಂದರ ಹಿಂದೊಂದು. ಬಿಚ್ಚಿ ನೋಡಿದರೆ ರಬ್ಬರಿನ ಬಿಲ್ಲೆಯಡಿ ಹಳೆಯ ಉಪ್ಪಿನ ಹರಳು.

“ತೊಳೀದ ಇಟ್ಟಾರ ಕಾಕಾ,” ಅಂದವನೇ ಬಿಸಿನೀರು ತರಲು ಒಳಗೆ ಹೋದ.