ಸೂರ್ಯನ ಗಾಳಿಯೂ ಸೂಜಿಗಲ್ಲೂ

ಬಿಸಿಲಿನ ಬಗ್ಗೆ ರಾಯಚೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸೂರ್ಯನಿಂದ ಬಿಸಿಲಷ್ಟೇ ಅಲ್ಲ, ವಿದ್ಯುತ್ ಕಣಗಳ ಗಾಳಿಯೂ ಬರುತ್ತದೆಂಬುದು ನಿಮಗೆ ಗೊತ್ತೇ? ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದ ಈ ಸೌರಮಾರುತ ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದು ತರುತ್ತದೆ. ಉರ್ದು ತರಗತಿಯಲ್ಲಿ ಮಿಕ್ನಾತೀಸ್, ಕನ್ನಡ ತರಗತಿಯಲ್ಲಿ ಸೂಜಿಗಲ್ಲು ಎಂದು ನಾನು ಹೇಳಿಕೊಡುತ್ತೇನಲ್ಲ, ಅದರ ಗುಣವೇ ಇದು.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಕ್ಯಾರಿಂಗ್‌ಟನ್ ಸೂರ್ಯನ ಮೇಲೆ ಬೆಳಕಿನ ಸ್ಫೋಟವೊಂದನ್ನು ಕಂಡರು. ಮರುದಿನ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಮಿಯ ಕಾಂತಬಲ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿಯಿತು. ಯುರೋಪು, ಅಮೆರಿಕಗಳಲ್ಲಿ ತಂತಿ ಸಂಪರ್ಕ ಕೆಟ್ಟಿತು. ನಡುವಿನ ಬಯಲಲ್ಲಿ ಹಾದುಬಂದದ್ದು ಏನು ಎಂಬುದು ಮಾತ್ರ ಬಹುಕಾಲ ಒಗಟಾಗಿಯೇ ಉಳಿಯಿತು.

1958ರಲ್ಲಿ ಅಮೆರಿಕದ ಯೂಜಿನ್ ಪಾರ್ಕರ್ ಉತ್ತರ ಕೊಟ್ಟರು. ದೇವದುರ್ಗ, ಮಾನ್ವಿ ಕಡೆಯ ವಿದ್ಯಾರ್ಥಿಗಳೇ, ಹೊಲದಲ್ಲಿ ತಿರುಗುವ ಸ್ಪ್ರಿಂಕ್ಲರನ್ನು ನೆನಪಿಸಿಕೊಳ್ಳಿ. ಪ್ರತಿ ಹನಿಯೂ ನೇರ ಹಾರುತ್ತದೆ, ನೀರಿನ ಎಳೆ ಮಾತ್ರ ಬಾಗಿ ಕಾಣುತ್ತದೆ. ಸುಮಾರು 27 ದಿನಕ್ಕೊಮ್ಮೆ ತಿರುಗುವ ಸೂರ್ಯನ ಕಾಂತರೇಖೆಗಳೂ ಹಾಗೆಯೇ ಸುರುಳಿಯಾಗಿ, ಭೂಮಿಯ ಬಳಿ ಸುಮಾರು 45 ಡಿಗ್ರಿ ಓರೆಯಾಗುತ್ತವೆ. ಈ ಲೇಖನವನ್ನು ಇಬ್ಬರು ಪರಿಶೀಲಕರು ತಿರಸ್ಕರಿಸಿದರು. ಪತ್ರಿಕೆಯ ಸಂಪಾದಕರು ಲಾಹೋರಿನಲ್ಲಿ ಹುಟ್ಟಿದ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಲೆಕ್ಕದಲ್ಲಿ ತಪ್ಪು ಯಾರೂ ತೋರಿಸಿಲ್ಲವೆಂದು ಅವರು ಅದನ್ನು ಪ್ರಕಟಿಸಿಯೇ ಬಿಟ್ಟರು. 1962ರಲ್ಲಿ ಶುಕ್ರದತ್ತ ಹೊರಟ ಮ್ಯಾರಿನರ್-2 ನೌಕೆ ಆ ಗಾಳಿ ಎಡೆಬಿಡದೆ ಬೀಸುವುದನ್ನು ಅಳೆಯಿತು. ಆ ಲೇಖನ ಮೂಲೆ ಸೇರಿದ್ದರೆ?

ಇನ್ನು ದಿಕ್ಕಿನ ಮಾತು. ಗಾಳಿಯ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗ ಅದು ಭೂಮಿಯ ಕ್ಷೇತ್ರದೊಂದಿಗೆ ಬೆಸೆದುಕೊಂಡು ಬಾಗಿಲು ತೆರೆದಂತಾಗುತ್ತದೆ ಎಂದು 1961ರಲ್ಲಿ ಜೇಮ್ಸ್ ಡಂಜಿ ವಿವರಿಸಿದರು. 1989ರ ಮಾರ್ಚ್‌ನಲ್ಲಿ ಇಂಥದೇ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿತ್ತು.

ಈಗ ಆ ದಿಕ್ಕನ್ನು ನೋಡುತ್ತಿರುವ ಕಣ್ಣುಗಳಲ್ಲಿ ಒಂದು ಬೆಂಗಳೂರಿನದು. 2023ರ ಸೆಪ್ಟೆಂಬರ್ 2ರಂದು (ಕೊಲಾಬಾದ ತಾರೀಖೇ!) ಹಾರಿದ ಆದಿತ್ಯ-ಎಲ್1 ನೌಕೆಯ ಕಾಂತಮಾಪಕವನ್ನು ಇಸ್ರೋದ ಬೆಂಗಳೂರು ಪ್ರಯೋಗಾಲಯ ತಯಾರಿಸಿತು. ನೌಕೆಯ ಸ್ವಂತ ವಿದ್ಯುತ್ತೇ ಅಳತೆ ಕೆಡಿಸುವುದರಿಂದ, ಆರು ಮೀಟರ್ ತೋಳಿನ ತುದಿಯಲ್ಲೊಂದು, ನಡುವೆ ಇನ್ನೊಂದು ಸಂವೇದಕ ಇಟ್ಟಿದ್ದಾರೆ. 2024ರ ಜನವರಿ 11ರಂದು ಆ ತೋಳು ಬಿಚ್ಚಿಕೊಂಡಿತು. ಅದೇ ಮೇ ತಿಂಗಳಲ್ಲಿ ದೊಡ್ಡ ಕಾಂತ ಬಿರುಗಾಳಿ ಬಂದು, ಲಡಾಖಿನ ಹಾನ್ಲೆಯ ಆಕಾಶ ಕೆಂಪಾಯಿತು. ನೌಕೆ ಇರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ. ಅಲ್ಲಿ ದಾಟಿದ ಸಾಧಾರಣ ಗಾಳಿ ನಮ್ಮನ್ನು ಮುಟ್ಟಲು ಸುಮಾರು ಒಂದು ಗಂಟೆ ಬೇಕು, ಬಿರುಗಾಳಿಗೆ ಅಷ್ಟೂ ಬೇಡ.