ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ: ನಾಯಿಗಳ ಮೇಲೆ ನಡೆದ ಅರಿವಳಿಕೆ ಪ್ರಯೋಗಗಳು

ಶಸ್ತ್ರಚಿಕಿತ್ಸೆಗಾಗಿ ಮತ್ತು ಬರಿಸಿದ ರೋಗಿಯ ಪ್ರಾಣ ಮೊದಲು ಎಲ್ಲಿ ಕೈತಪ್ಪುತ್ತದೆ, ಉಸಿರಿನಲ್ಲೋ ಹೃದಯದಲ್ಲೋ? ಹತ್ತೊಂಬತ್ತನೆಯ ಶತಮಾನದ ವೈದ್ಯರನ್ನು ಇಬ್ಭಾಗ ಮಾಡಿದ ಈ ಪ್ರಶ್ನೆಗೆ ಉತ್ತರ ಹುಡುಕುವ ದೊಡ್ಡ ಪ್ರಯತ್ನವೊಂದು ನಡೆದದ್ದು ನಮ್ಮ ಹೈದರಾಬಾದಿನಲ್ಲಿ.

ಎಡಿನ್‌ಬರೋದ ಸಿಂಪ್ಸನ್ 1847ರ ನವೆಂಬರಿನಲ್ಲಿ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಮೂರು ತಿಂಗಳೂ ಕಳೆದಿರಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕಾಲುಗುರು ತೆಗೆಸಿಕೊಳ್ಳಲು ಕುಳಿತವಳು ಮತ್ತೆ ಏಳಲಿಲ್ಲ. ನಾಡಿಯನ್ನು ಗಮನಿಸಬೇಕೆಂದು ಲಂಡನ್ನಿನ ವೈದ್ಯರೂ, ಉಸಿರನ್ನು ಕಾದರೆ ಸಾಕೆಂದು ಎಡಿನ್‌ಬರೋದ ಸೈಮ್ ಅವರ ಶಿಷ್ಯರೂ ವಾದಿಸಿದರು.

ಆ ಶಿಷ್ಯರಲ್ಲೊಬ್ಬರಾದ ಎಡ್ವರ್ಡ್ ಲಾರಿ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಆಗಿ ಬಂದು ಇಲ್ಲಿನ ಮೆಡಿಕಲ್ ಸ್ಕೂಲಿನ ಹೊಣೆಯನ್ನೂ ಹೊತ್ತರು. ಅವರು 1888ರಲ್ಲಿ ನಡೆಸಿದ ಮೊದಲ ಆಯೋಗದ ತೀರ್ಮಾನವನ್ನು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪಲಿಲ್ಲ. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು 1000 ಪೌಂಡು ನೀಡಿ, ಪತ್ರಿಕೆಯೇ ತನ್ನ ಪ್ರತಿನಿಧಿಯನ್ನು ಕಳುಹಿಸಲೆಂದು ಆಹ್ವಾನಿಸಿದರು. ಕಲಬುರಗಿ, ರಾಯಚೂರು, ಬೀದರಗಳು ಅಂದು ನಿಜಾಮ ಸಂಸ್ಥಾನಕ್ಕೆ ಸೇರಿದ್ದವಾದ್ದರಿಂದ ಆ ಹಣದಲ್ಲಿ ನಮ್ಮ ಹಿರಿಯರ ಕಂದಾಯದ ಪಾಲೂ ಇದ್ದಿತೆನ್ನಬಹುದು.

ಪತ್ರಿಕೆಯ ಪರವಾಗಿ 1889ರ ಅಕ್ಟೋಬರಿನಲ್ಲಿ ಬಂದವರು ಔಷಧವಿಜ್ಞಾನಿ ಲಾಡರ್ ಬ್ರಂಟನ್. ಕ್ಲೋರೋಫಾರ್ಮ್ ಹೃದಯವನ್ನೇ ನಿಲ್ಲಿಸಬಲ್ಲದೆಂದು ನಂಬಿದ್ದವರು. ಎರಡನೆಯ ಆಯೋಗವು 400ಕ್ಕೂ ಹೆಚ್ಚು ಪ್ರಾಣಿಗಳನ್ನು ಬಳಸಿತು. ಅವುಗಳಲ್ಲಿ ಹೆಚ್ಚಿನವು ನಾಯಿಗಳು. ರಕ್ತದೊತ್ತಡದ ಏರಿಳಿತವನ್ನು ಉಪಕರಣದಿಂದ ದಾಖಲಿಸಲಾಯಿತು. ಔಷಧ ಏರುತ್ತಿದ್ದಂತೆ ಒತ್ತಡ ಇಳಿಯುತ್ತಿತ್ತು, ಬಳಿಕ ಉಸಿರು ನಿಲ್ಲುತ್ತಿತ್ತು, ಹೃದಯ ನಿಲ್ಲುವುದು ಅದಕ್ಕೂ ತರುವಾಯ. ಬ್ರಂಟನ್ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡು ಲಂಡನ್ನಿಗೆ ತಂತಿ ಕಳುಹಿಸಿದರು.

ಆದರೆ ವಿವಾದ ಮುಗಿಯಲಿಲ್ಲ. ಒತ್ತಡದ ಇಳಿತಕ್ಕೆ ಮೆದುಳಿನ ನಿಯಂತ್ರಣ ಕೇಂದ್ರವೇ ಕಾರಣವೆಂದು ಆಯೋಗ ಹೇಳಿತ್ತು. ಕೇಂಬ್ರಿಜ್ಜಿನ ಗ್ಯಾಸ್ಕೆಲ್ ಮತ್ತು ಶೋರ್ ಒಂದು ಪ್ರಾಣಿಯ ಮೆದುಳಿಗೆ ಮತ್ತೊಂದರ ರಕ್ತವನ್ನು ಹರಿಸಿ ಇದನ್ನು ಪರೀಕ್ಷಿಸಿ, 1893ರಲ್ಲಿ ವರದಿ ಮಾಡಿದರು. ಕ್ಲೋರೋಫಾರ್ಮ್ ಮೆದುಳನ್ನು ಮಾತ್ರ ತಲುಪಿದಾಗ ಒತ್ತಡ ಕುಸಿಯಲಿಲ್ಲ. ಹೃದಯವನ್ನು ತಲುಪಿದಾಗ ಕುಸಿಯಿತು. ಇನ್ನೂ ದೊಡ್ಡ ಪೆಟ್ಟು 1911ರಲ್ಲಿ ಬಂದಿತು. ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದಂತೆ, ಕ್ಲೋರೋಫಾರ್ಮಿನ ಪ್ರಮಾಣ ಕಡಿಮೆಯಿದ್ದು ಮಂಪರು ಹಗುರವಾಗಿರುವಾಗ ದೇಹದಲ್ಲಿ ಅಡ್ರಿನಲಿನ್ ಏರಿದರೆ ಹೃತ್ಕುಕ್ಷಿಗಳು ಲಯತಪ್ಪಿ ಅದುರಿ, ಹೃದಯ ಹಠಾತ್ತನೆ ನಿಲ್ಲಬಹುದು. ಭಯವೂ ಅಡ್ರಿನಲಿನ್ ಏರಿಸುತ್ತದೆ. ಹ್ಯಾನಾಳ ಸಾವಿಗೂ ಇದೇ ಕಾರಣವೆಂದು ಅನೇಕರು ಊಹಿಸಿದ್ದಾರೆ. ಹೈದರಾಬಾದಿನ ನಾಯಿಗಳಿಗೆ ಬಹುಮಟ್ಟಿಗೆ ಗಾಢವಾಗಿ ಔಷಧ ಕೊಟ್ಟಿದ್ದರು. ಅಳತೆಗಳಲ್ಲಿ ತಪ್ಪಿರಲಿಲ್ಲ, ಅಪಾಯವಿದ್ದ ಕಡೆ ಅಳೆದಿರಲಿಲ್ಲ ಅಷ್ಟೆ. ಹಾಗೆಂದು ಉಸಿರನ್ನು ಬಿಡದೆ ಗಮನಿಸಬೇಕೆಂಬ ಲಾರಿಯವರ ಪಾಠ ಸುಳ್ಳಾಗಲಿಲ್ಲ. ಇಂದಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಉಸಿರು, ನಾಡಿ ಎರಡಕ್ಕೂ ಯಂತ್ರಗಳ ಕಾವಲಿದೆ.

ಔಷಧದ ಪ್ರಮಾಣ ಮತ್ತು ಸಂದರ್ಭದ ಪ್ರಶ್ನೆ ಕ್ಲೋರೋಫಾರ್ಮಿನೊಂದಿಗೆ ಮರೆಯಾಗಲಿಲ್ಲ. 1962ರಲ್ಲಿ ಸಂಶ್ಲೇಷಿಸಲಾದ ಕೆಟಮಿನ್ ಇಂದು ಮನುಷ್ಯರಿಗೂ ಸಾಕುನಾಯಿಗಳಿಗೂ ಬಳಕೆಯಲ್ಲಿದೆ. ಅದು ಮೆದುಳಿಗೆ ಹರಿಯುವ ರಕ್ತವನ್ನು ಹೆಚ್ಚಿಸುತ್ತದೆಂದು 1971ರಲ್ಲಿ ನಾಯಿಗಳ ಮೇಲಿನ ಅಧ್ಯಯನ ತೋರಿಸಿತು; ಮೊದಲೇ ಥಯೋಪೆಂಟಾಲ್ ಕೊಟ್ಟಿದ್ದರೆ ಆ ಹೆಚ್ಚಳವನ್ನು ತಡೆಯಬಹುದೆಂದೂ ಅದೇ ಅಧ್ಯಯನದಿಂದ ತಿಳಿಯಿತು. ತಲೆಗೆ ಪೆಟ್ಟಾದವರಿಗೆ ಕೆಟಮಿನ್ ಕೂಡದೆಂಬ ಹಳೆಯ ಕಟ್ಟಪ್ಪಣೆ ಈಗ ಸಡಿಲವಾಗಿದೆ. ಔಷಧದ ಪ್ರಮಾಣ, ಜೊತೆಗೆ ಕೊಟ್ಟ ಔಷಧಗಳು, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇವೆಲ್ಲವನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಲಾರಿಯವರ ಶಾಲೆಯ ಮೊದಲ ವಿದ್ಯಾರ್ಥಿನಿಯರಲ್ಲಿ ರೂಪಾಬಾಯಿ ಫರ್ದೂನ್‌ಜಿ ಒಬ್ಬರು. 1885ರಲ್ಲಿ ಸೇರಿ 1889ರಲ್ಲಿ ತೇರ್ಗಡೆಯಾದ ಈ ಪಾರ್ಸಿ ಮಹಿಳೆಯನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಹಲವರು ಗುರುತಿಸುತ್ತಾರೆ. ಇಲ್ಲಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕ್ಲೋರೋಫಾರ್ಮ್ ಕೊಟ್ಟ ಬಳಿಕವೂ ಅವರು 1909ರಲ್ಲಿ ಎಡಿನ್‌ಬರೋಗೆ ತೆರಳಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವನ್ನು ಅಭ್ಯಸಿಸಿದರು.