ಡಿಮೆನ್ಷಿಯಾದಲ್ಲಿ ನೆನಪು ಮತ್ತು ಕಲಿಕೆ

ಡಿಮೆನ್ಷಿಯಾ ಒಂದೇ ರೋಗವಲ್ಲ. ಮಿದುಳಿನ ನರಕೋಶಗಳು ಹಾಳಾಗುತ್ತ ಹೋಗಿ ನೆನಪು, ಮಾತು, ವಿವೇಚನೆ ಕುಂದಿ, ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆಸರೆ ಬೇಕಾಗುವ ಸ್ಥಿತಿ ಅದು; ಅದನ್ನು ತರುವ ರೋಗಗಳು ಹಲವು. ಒಂದೊಂದು ರೋಗ ಮಿದುಳಿನ ಒಂದೊಂದು ಕಡೆ ಶುರುವಾಗುವುದರಿಂದ ಮರೆವಿನ ಬಗೆಯೂ ಬೇರೆ ಬೇರೆ. ವಯಸ್ಸಾದವರ ಮರೆವನ್ನೆಲ್ಲ ಅರಳುಮರಳು ಎಂದು ತಳ್ಳಿಹಾಕಿದರೆ, ಏನು ಹೋಗಿದೆ, ಏನು ಉಳಿದಿದೆ ಎಂಬುದು ಯಾರಿಗೂ ತಿಳಿಯದೇ ಹೋಗುತ್ತದೆ.

ಡಿಮೆನ್ಷಿಯಾ ಇರುವ ನೂರು ಜನರಲ್ಲಿ 60ರಿಂದ 70 ಮಂದಿಗೆ ಕಾರಣ ಆಲ್ಝೈಮರ್ ರೋಗ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದ 51 ವರ್ಷದ ಆಗುಸ್ಟೆ ಡೀಟರ್ ಎಂಬ ಮಹಿಳೆಯನ್ನು ವೈದ್ಯ ಅಲೋಯಿಸ್ ಆಲ್ಝೈಮರ್ ಕೂರಿಸಿ ಮಾತಾಡಿಸಿ, ಟಿಪ್ಪಣಿ ಬರೆದಿಟ್ಟರು. ಪೆನ್ಸಿಲ್, ಪರ್ಸು, ಬೀಗದ ಕೈ ತೋರಿಸಿದರೆ ಆಕೆ ಸರಿಯಾಗಿಯೇ ಹೆಸರಿಸುತ್ತಿದ್ದರು. ತುಸು ಹೊತ್ತು ಬಿಟ್ಟು ಕೇಳಿದರೆ ಏನೇನು ತೋರಿಸಿದ್ದೆಂಬುದು ನೆನಪಿರುತ್ತಿರಲಿಲ್ಲ. ಆಕೆ ತೀರಿಕೊಂಡ 1906ರಲ್ಲೇ ಆಲ್ಝೈಮರ್ ಆ ಮಿದುಳಿನಲ್ಲಿ ಕಂಡ ಗಂಟುಗಳನ್ನೂ ಜಮೆಗಳನ್ನೂ ವರದಿ ಮಾಡಿದರು. ನರಕೋಶದೊಳಗೆ ಗಂಟುಗಟ್ಟುವುದು ಟೌ ಎಂಬ ಪ್ರೋಟೀನು. ಕೋಶಗಳ ನಡುವೆ ಜಮೆಯಾಗುವುದು ಅಮಿಲಾಯ್ಡ್.

ಟೌ ಗಂಟುಗಳು ಬಲು ಮೊದಲೇ ಮಿದುಳಿನ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಭಾಗದಲ್ಲಿ ಕಾಣಿಸಿಕೊಂಡು ಪಕ್ಕದ ಹಿಪೊಕ್ಯಾಂಪಸ್‌ಗೆ ಹರಡುತ್ತವೆ ಎಂದು ಸಂಶೋಧಕರಾದ ಹೈಕೊ ಬ್ರಾಕ್ ಮತ್ತು ಈವಾ ಬ್ರಾಕ್ 1991ರಲ್ಲಿ ತೋರಿಸಿದರು. ಇಂದು ಕಂಡದ್ದು, ಕೇಳಿದ್ದು ನಾಳೆಗೆ ಉಳಿಯಬೇಕಾದರೆ ಹಿಪೊಕ್ಯಾಂಪಸ್ ಬೇಕು. ಹಳೆಯ ನೆನಪುಗಳಾದರೋ ಮಿದುಳಿನ ಹೊರಪದರದಲ್ಲಿ ಹರಡಿಕೊಂಡಿರುವುದರಿಂದ ಹೆಚ್ಚು ಕಾಲ ತಾಳಿಕೊಳ್ಳುತ್ತವೆ. ಬೆಳಗಿನ ತಿಂಡಿ ಮರೆತವರು ತಮ್ಮ ಮದುವೆಯ ಸಂಗತಿ ವಿವರವಾಗಿ ಹೇಳುವುದು ಹೀಗೆ. ಬೇಕೆಂದೇ ನಾಟಕ ಮಾಡುತ್ತಾರೆ ಎಂದು ಮನೆಯವರು ಸಿಡುಕುವುದು ಇಲ್ಲಿಯೇ, ಅದು ಅನ್ಯಾಯ.

ಮರೆವಿನ ಬಗೆಯನ್ನು ಗುರುತಿಸಲು ವೈದ್ಯರು ಕೆಲವು ಪದಗಳನ್ನು ಹೇಳಿಕೊಟ್ಟು ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತಾರೆ. ‘ಅದೊಂದು ಹಣ್ಣು’ ಎಂದು ಸುಳಿವು ಕೊಟ್ಟರೂ ಆಲ್ಝೈಮರ್ ರೋಗಿಗೆ ಹೆಚ್ಚು ಪ್ರಯೋಜನವಾಗುವುದಿಲ್ಲ, ಏಕೆಂದರೆ ಪದ ಒಳಗೆ ಉಳಿದೇ ಇಲ್ಲ. ರಕ್ತನಾಳದ ತೊಂದರೆಯಿಂದ ಬರುವ ಡಿಮೆನ್ಷಿಯಾದಲ್ಲಿ ಅದೇ ಸುಳಿವು ಹಲವರಿಗೆ ನೆರವಾಗುತ್ತದೆ. ಅಲ್ಲಿ ಮುಂಭಾಗದ ಹಾಲೆಗೆ ಸಂಪರ್ಕ ಕಲ್ಪಿಸುವ ನರತಂತುಗಳಿಗೆ ಪೆಟ್ಟು ಬಿದ್ದಿರುತ್ತದೆ. ನೆನಪು ಇದ್ದರೂ ಹುಡುಕಿ ತೆಗೆಯುವುದು ಕಷ್ಟ, ಯೋಚನೆ ನಿಧಾನ.

ಲೂಯಿ ಬಾಡಿ ಡಿಮೆನ್ಷಿಯಾದಲ್ಲಿ ಆಲ್ಫಾ-ಸೈನ್ಯೂಕ್ಲಿನ್ ಪ್ರೋಟೀನು ಕೋಶಗಳಲ್ಲಿ ಸೇರಿಕೊಳ್ಳುತ್ತದೆ. ಆರಂಭದಲ್ಲಿ ನೆನಪು ತಕ್ಕಮಟ್ಟಿಗೆ ಚೆನ್ನಾಗಿದ್ದು, ಗಮನ ಮಾತ್ರ ಗಂಟೆಗಂಟೆಗೂ ಏರಿಳಿಯಬಹುದು. ಇಲ್ಲದ ಮನುಷ್ಯರು, ಪ್ರಾಣಿಗಳು ಕಣ್ಣಿಗೆ ಕಾಣಿಸುವುದೂ ಉಂಟು.

ಡೀಟರ್ ಅವರ ಸ್ಥಿತಿಗೆ ತದ್ವಿರುದ್ಧವಾದದ್ದು ಸೆಮ್ಯಾಂಟಿಕ್ ಡಿಮೆನ್ಷಿಯಾ. ಮಿದುಳಿನ ಟೆಂಪೊರಲ್ ಹಾಲೆಯ ಮುಂತುದಿ, ಹೆಚ್ಚಾಗಿ ಎಡಗಡೆಯದು, ಸೊರಗುತ್ತದೆ. ನಿನ್ನೆ ಯಾರು ಬಂದಿದ್ದರು ಎಂಬುದು ರೋಗಿಗೆ ನೆನಪಿರುತ್ತದೆ; ಬೀಗದ ಕೈ ಕಂಡರೆ ಹೆಸರು ಬಾರದು, ಕ್ರಮೇಣ ಅದು ಯಾತಕ್ಕೆ ಎಂಬುದೂ ತಿಳಿಯದು. ಕುದುರೆ, ಮೇಕೆ ಎಲ್ಲವೂ ‘ನಾಯಿ’ ಆಗಿಬಿಡಬಹುದು. ಘಟನೆಗಳ ನೆನಪು ಬೇರೆ, ಅರ್ಥಗಳ ನೆನಪು ಬೇರೆ ಎಂದು ಮನೋವಿಜ್ಞಾನಿ ಎಂಡೆಲ್ ಟುಲ್ವಿಂಗ್ 1972ರಲ್ಲಿ ಮಾಡಿದ ವಿಂಗಡಣೆಗೆ ಇಂಥ ರೋಗಿಗಳು ಬಲವಾದ ಸಾಕ್ಷ್ಯವಾದರು.

ಕೈಗೆ ರೂಢಿಯಾಗುವ ಕಲಿಕೆಯ ದಾರಿಯೇ ಬೇರೆ. ಅದಕ್ಕೆ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಕಿರುಮಿದುಳು ಬೇಕು. ತಿರುಗುವ ತಟ್ಟೆಯ ಮೇಲಿನ ಗುರುತನ್ನು ಕಡ್ಡಿಯಿಂದ ಹಿಂಬಾಲಿಸುವ ಪರೀಕ್ಷೆಯಲ್ಲಿ ಆರಂಭದ ಹಂತದ ಆಲ್ಝೈಮರ್ ರೋಗಿಗಳು ಅಭ್ಯಾಸದಿಂದ ಪಳಗುತ್ತಾರೆ, ಅಭ್ಯಾಸ ಮಾಡಿದ್ದೇ ನೆನಪಿಲ್ಲದಿದ್ದರೂ. ಬೇಸಲ್ ಗ್ಯಾಂಗ್ಲಿಯಾದ ಕಾಡೇಟ್ ಭಾಗ ಕ್ಷಯಿಸುವ ಹಂಟಿಂಗ್ಟನ್ ರೋಗದಲ್ಲಿ ಇಂಥ ಕೌಶಲವೇ ಕೈಗೆ ಹತ್ತುವುದಿಲ್ಲ.

ಆರೈಕೆಯ ಕ್ರಮವೂ ಯಾವ ನೆನಪು ಹೋಗಿದೆ, ಯಾವುದು ಉಳಿದಿದೆ ಎಂಬುದನ್ನು ಅನುಸರಿಸುತ್ತದೆ. ಆಲ್ಝೈಮರ್ ರೋಗಿಯನ್ನು ‘ಯೋಚಿಸಿ ಹೇಳಿ’ ಎಂದು ಒತ್ತಾಯಿಸಬಾರದು: ತಪ್ಪು ಉತ್ತರ ಬಾಯಿಗೆ ಬಂದರೆ ಅದೇ ರೂಢಿಯಾಗುತ್ತದೆ, ಅದು ತಪ್ಪೆಂಬುದು ನೆನಪಿರುವುದಿಲ್ಲ. ಮೊಮ್ಮಗಳ ಹೆಸರನ್ನು ಮೊದಲೇ ಹೇಳಿಕೊಟ್ಟು, ಅರ್ಧ ನಿಮಿಷಕ್ಕೆ, ಒಂದು ನಿಮಿಷಕ್ಕೆ, ಎರಡು ನಿಮಿಷಕ್ಕೆ ಎಂದು ಅಂತರ ಹಿಗ್ಗಿಸುತ್ತ ಹೇಳಿಸಿದರೆ ಎಷ್ಟೋ ಜನ ಅದನ್ನು ಉಳಿಸಿಕೊಳ್ಳುತ್ತಾರೆ. ಸೆಮ್ಯಾಂಟಿಕ್ ಡಿಮೆನ್ಷಿಯಾದಲ್ಲಿಯೂ ಕಳೆದುಹೋದ ಪದಗಳನ್ನು ಚಿತ್ರ ತೋರಿಸಿ ಮತ್ತೆ ಕಲಿಸಬಹುದು. ಅಭ್ಯಾಸ ನಿಂತರೆ ಅವು ಸಾಮಾನ್ಯವಾಗಿ ಮತ್ತೆ ಜಾರುತ್ತವೆ. ಆದ್ದರಿಂದ ಊಟ, ಔಷಧ, ಮನೆಮಂದಿಯ ಹೆಸರು ಹೀಗೆ ದಿನವೂ ಬಳಕೆಗೆ ಬರುವ ಪದಗಳನ್ನೇ ಆರಿಸಿಕೊಳ್ಳುವುದು ಲೇಸು.